ಮೊದಲ ಪ್ರೋಗ್ರಾಮ್ ಎಲ್ಲಿ ಬರೆಯೋದು? ಕೆಆರ್‌ಎಸ್ ನೀರಿನ ಲೆಕ್ಕ ಹಾಕುತ್ತಾ ಆರಿಸೋಣ

ಹೋದ ಮಳೆಗಾಲದಲ್ಲಿ ಒಂದು ಭಾನುವಾರ ಮಂಡ್ಯಕ್ಕೆ ಹೋಗಿದ್ದೆ. ಅಕ್ಕನ ಮಗಳು ಲ್ಯಾಪ್‌ಟಾಪ್ ತಂದು ಮುಂದಿಟ್ಟಳು. ಸೆಕೆಂಡ್ ಹ್ಯಾಂಡ್ ಮೆಷಿನ್, 4 ಜಿಬಿ ರ‍್ಯಾಮ್, ಬ್ಯಾಟರಿ ಸತ್ತು ಹೋಗಿದೆ, ಚಾರ್ಜರ್ ಅಲ್ಲಾಡಿದರೆ ಸಾಕು ಆಫ್. ಡೆಸ್ಕ್‌ಟಾಪ್ ಮೇಲೆ ಪ್ರೋಗ್ರಾಮ್ ಬರೆಯೋ ಸಾಧನಗಳಾದ ವಿಎಸ್ ಕೋಡ್, ವಿಶುವಲ್ ಸ್ಟುಡಿಯೊ, ಪೈಚಾರ್ಮ್, ಎಕ್ಲಿಪ್ಸ್, ಟರ್ಬೊ ಸಿ++ ಎಲ್ಲವೂ ಸಾಲಾಗಿ ಕೂತಿದ್ದವು. ಇಲ್ಲಿವರೆಗೆ ಎಷ್ಟು ಪ್ರೋಗ್ರಾಮ್ ಬರೆದೆ ಅಂತ ಕೇಳಿದೆ. "ಇನ್ನೂ ಒಂದೂ ಇಲ್ಲ ಮಾವ, ಯಾವುದು ಬೆಸ್ಟ್ ಅಂತ ನೋಡ್ತಾ ಇದ್ದೀನಿ" ಅಂದಳು.

ಅವಳ ತಪ್ಪೇನಿಲ್ಲ. ಹತ್ತು ಜನರನ್ನು ಕೇಳಿದರೆ ಹತ್ತು ಹೆಸರು ಹೇಳ್ತಾರೆ, ಅದರಲ್ಲಿ ಒಂಬತ್ತು ಜನ ಆಫೀಸಲ್ಲಿ ತಾವು ಬಳಸೋದನ್ನೇ ಹೇಳ್ತಾರೆ. ಒಂದು ಲೋಟ ಕಬ್ಬಿನ ಹಾಲು ಕುಡಿಯೋಕೆ ಯಾರೂ ಆಲೆಮನೆ ಹಾಕಲ್ಲ, ಅಲ್ವಾ? ಕಲಿಯೋವಾಗ ಬೇಕಾಗಿರೋದು ಮೂರೇ: ಬರೆದ ತಕ್ಷಣ ಓಡಬೇಕು, ತಪ್ಪಾದರೆ ಎಲ್ಲಿ ತಪ್ಪಾಯ್ತು ಅಂತ ಅರ್ಥವಾಗಬೇಕು, ಒಳಗೆ ಏನು ನಡೀತಿದೆ ಅಂತ ಕಣ್ಣಿಗೆ ಕಾಣಬೇಕು. ಈ ಮೂರನ್ನು ನಿಮ್ಮ ಮೆಷಿನ್ ಮೇಲೆ, ನಿಮ್ಮ ಮನೆಯ ಕರೆಂಟು ಮತ್ತು ನೆಟ್ಟಿನಲ್ಲಿ ಯಾವುದು ಮಾಡುತ್ತೋ ಅದೇ ನಿಮಗೆ ಸರಿ. ಒಂದು ಸಂಜೆಯಲ್ಲಿ ಆರಿಸಿ ಮುಗಿಸಬಹುದು.

ಹೆಜ್ಜೆ 1: ಕೈಯಲ್ಲಿ ಏನಿದೆ ನೋಡಿ

ವಿಂಡೋಸ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತೆ. ಅದರಲ್ಲಿ ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ನೋಡಿ. ಒಟ್ಟು ಎಷ್ಟಿದೆ ಅನ್ನೋದಕ್ಕಿಂತ ಬ್ರೌಸರ್ ತೆರೆದಿಟ್ಟಾಗ ಎಷ್ಟು ಉಳೀತು ಅನ್ನೋದು ಮುಖ್ಯ, ಯಾಕಂದ್ರೆ ಕಲಿಯೋವಾಗ ಪಕ್ಕದಲ್ಲಿ ಯಾವುದಾದರೂ ವಿಡಿಯೋ ಓಡ್ತಾನೇ ಇರುತ್ತೆ. 4 ಜಿಬಿ ಮೆಷಿನ್ ಆದರೆ ಪೈಚಾರ್ಮ್, ಎಕ್ಲಿಪ್ಸ್, ವಿಶುವಲ್ ಸ್ಟುಡಿಯೊ ಮೂರನ್ನೂ ಈಗಲೇ ಮರೆತುಬಿಡಿ. ಅವು ಕೆಟ್ಟವಲ್ಲ, ತೂಕ ಜಾಸ್ತಿ ಅಷ್ಟೇ. ಹಳೇ ಹಾರ್ಡ್ ಡಿಸ್ಕ್ ಇದ್ದರೆ, ಕೈಯಲ್ಲಿ ಸ್ವಲ್ಪ ದುಡ್ಡೂ ಇದ್ದರೆ, ಹೊಸ ಲ್ಯಾಪ್‌ಟಾಪ್ ಯೋಚನೆ ಬಿಟ್ಟು ಒಂದು ಎಸ್‌ಎಸ್‌ಡಿ (ಹೊಸ ಬಗೆಯ ವೇಗದ ಡಿಸ್ಕ್) ಹಾಕಿಸಿ. ಅದೇ ಮೆಷಿನ್ ಅಂತ ನಂಬೋಕೆ ಆಗಲ್ಲ.

ಇನ್ನೂ ವಿಂಡೋಸ್ 7 ಇದ್ದರೆ ಪೈಥಾನ್ 3.8ರ ಮೇಲೆ ಯಾವುದೂ ಅದರಲ್ಲಿ ಓಡಲ್ಲ. ಅಂಥ ಮೆಷಿನ್‌ಗೆ ಲಿನಕ್ಸ್ ಹಾಕೋದು ಒಳ್ಳೇದು. ಮಿಂಟ್ ಅಥವಾ ಉಬುಂಟು ಹಾಕಿದರೆ ಪೈಥಾನ್ ಅದರೊಳಗೇ ಬಂದಿರುತ್ತೆ.

ನೆಟ್ ಹೇಗಿದೆ, ಕರೆಂಟ್ ಹೇಗಿದೆ ಅಂತಲೂ ಲೆಕ್ಕ ಹಾಕಿ. ಮೈಸೂರಲ್ಲಿ ಫೈಬರ್ ಹಾಕಿಸಿಕೊಂಡಿರೋ ಮನೆಯ ಕಥೆ ಬೇರೆ, ಪಾಂಡವಪುರದ ಕಡೆ ತೋಟದ ಮನೆಯಲ್ಲಿ ಫೋನಿನ ಹಾಟ್‌ಸ್ಪಾಟ್ ನಂಬಿಕೊಂಡವರ ಕಥೆ ಬೇರೆ. ಎರಡನೆಯವರು ಬ್ರೌಸರ್‌ನಲ್ಲಿ ಮಾತ್ರ ಓಡೋ ಸಾಧನವನ್ನು ನೆಚ್ಚಿಕೊಳ್ಳಬಾರದು.

ಹೆಜ್ಜೆ 2: ಯಾವ ಭಾಷೆ, ಯಾಕೆ?

ಇದನ್ನು ಬೇಗ ಮುಗಿಸೋಣ. ಕಾಲೇಜಲ್ಲಿ ಸಿ ಇದೆ ಅಂದ್ರೆ ಸಿ. ಜಾವಾ ಇದೆ ಅಂದ್ರೆ ಜಾವಾ. ಯಾರ ಒತ್ತಾಯವೂ ಇಲ್ಲ, ಸುಮ್ನೆ ಕಲೀಬೇಕು ಅಂತಿದ್ದರೆ ಪೈಥಾನ್. ಗೈಡೊ ವಾನ್ ರೋಸಮ್ 1991ರಲ್ಲಿ ಹೊರಬಿಟ್ಟ ಭಾಷೆ ಇದು, ಓದೋಕೆ ಸಲೀಸು. ಪೈಥಾನ್ 3 ಅಂತಲೇ ನೋಡಿ ಕಲಿಯಿರಿ. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿದೆ, ಆದರೂ ಅದರ ಹಳೇ ವಿಡಿಯೋಗಳು ಇನ್ನೂ ಸಿಗ್ತವೆ. ಪ್ರಿಂಟ್ ಅಂತ ಬರೆದು ಮುಂದೆ ಬ್ರಾಕೆಟ್ ಹಾಕದೇ ಇದ್ದರೆ ಅದು ಹಳೇದು, ಮುಚ್ಚಿ ಬೇರೆ ನೋಡಿ.

ಹೆಜ್ಜೆ 3: ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

ಕೋಡ್ ಬರೆಯೋ ಜಾಗ ಎಡಿಟರ್. ಬರೆದದ್ದನ್ನು ಮೆಷಿನ್‌ಗೆ ಅರ್ಥ ಮಾಡಿಸೋದು ಕಂಪೈಲರ್ ಅಥವಾ ಇಂಟರ್‌ಪ್ರಿಟರ್. ಒಂದೊಂದೇ ಸಾಲು ನಿಲ್ಲಿಸಿ ನಿಲ್ಲಿಸಿ ಓಡಿಸಿ ತೋರಿಸೋದು ಡಿಬಗ್ಗರ್. ಇವನ್ನೆಲ್ಲ ಒಂದೇ ಚೀಲಕ್ಕೆ ಹಾಕಿ ಕೊಟ್ಟರೆ ಅದು ಐಡಿಇ.

ಇಷ್ಟು ಗೊತ್ತಿದ್ದರೆ ಹೊಸಬರ ಅರ್ಧ ತಲೆನೋವು ಕಮ್ಮಿ. ವಿಎಸ್ ಕೋಡ್ ಹಾಕಿದೆ, ಪೈಥಾನ್ ಓಡ್ತಿಲ್ಲ ಅಂತ ಬರೋರೇ ಜಾಸ್ತಿ. ವಿಎಸ್ ಕೋಡ್ ಮೂಲತಃ ಎಡಿಟರ್, ಪೈಥಾನನ್ನು ಬೇರೆಯಾಗಿ ಹಾಕಬೇಕು. ಒಲೆ ತಂದಿದ್ದೀರಿ, ಸಿಲಿಂಡರ್ ತಂದಿಲ್ಲ. ಇನ್ನೊಂದು, ವಿಎಸ್ ಕೋಡ್ ಬೇರೆ, ವಿಶುವಲ್ ಸ್ಟುಡಿಯೊ ಬೇರೆ. ಎರಡೂ ಮೈಕ್ರೋಸಾಫ್ಟಿನವೇ. ನೀಲಿ ಗುರುತಿನದು ಹಗುರದ ಎಡಿಟರ್, ನೇರಳೆ ಗುರುತಿನದು ಹಲವು ಜಿಬಿ ನುಂಗೋ ದೊಡ್ಡ ಐಡಿಇ. ನಮ್ಮ ಹುಡುಗಿ ನೀಲಿ ಬೇಕು ಅಂತ ಹೋಗಿ ನೇರಳೆಯನ್ನೂ ಇಳಿಸಿಕೊಂಡಿದ್ದಳು. ಒಂದು ದಿನದ ಡೇಟಾ ಪೂರ್ತಿ ಅದಕ್ಕೇ ಹೋಯ್ತು.

ಹೆಜ್ಜೆ 4: ಒಂದು ಚಿಕ್ಕ ಲೆಕ್ಕ ಇಟ್ಟುಕೊಂಡು ಪರೀಕ್ಷೆ ಮಾಡಿ

ಹಲೋ ವರ್ಲ್ಡ್ ಬರೆದು ಸಾಧನ ಅಳೆಯೋಕಾಗಲ್ಲ, ಅದು ಎಲ್ಲದರಲ್ಲೂ ಓಡುತ್ತೆ. ನಮ್ಮ ಕಡೆ ಮಳೆಗಾಲ ಬಂತು ಅಂದ್ರೆ ಟೀ ಅಂಗಡಿಯಲ್ಲೂ ಒಂದೇ ಮಾತು: ಕಟ್ಟೆಗೆ ಒಳಹರಿವು ಎಷ್ಟು? ಅದನ್ನೇ ತಗೊಳ್ಳೋಣ.

ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು. ದಿನಕ್ಕೆ 86400 ಸೆಕೆಂಡು. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಹಾಗಾದ್ರೆ 40000 ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಎಷ್ಟು ಟಿಎಂಸಿ ಸೇರುತ್ತೆ? ಪೈಥಾನ್‌ನಲ್ಲಿ ಇದನ್ನು ಹೀಗೇ ಬರೆಯಬಹುದು:

ಒಳಹರಿವು = 40000
ಟಿಎಂಸಿ = ಒಳಹರಿವು * 86400 / 1000000000
ಟಿಎಂಸಿ

ಹೌದು, ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಒಪ್ಪುತ್ತೆ. ಉತ್ತರ 3.456 ಬರುತ್ತೆ. ಕನ್ನಂಬಾಡಿ ಕಟ್ಟೆ 124.80 ಅಡಿ ತುಂಬಿದಾಗ ಹಿಡಿಯೋದು ಸುಮಾರು 49.45 ಟಿಎಂಸಿ. ಖಾಲಿ ಕಟ್ಟೆಗೆ ಇದೇ ಲೆಕ್ಕದಲ್ಲಿ ನೀರು ಬಂದು, ಒಂದು ಹನಿಯನ್ನೂ ಹೊರಗೆ ಬಿಡದಿದ್ದರೆ ತುಂಬೋಕೆ ಹದಿನಾಲ್ಕು ದಿನದ ಮೇಲೆ ಬೇಕು. ಇಂಥ ಉತ್ತರ ಬಂದಾಗ ಸರಿನೋ ತಪ್ಪೋ ಅಂತ ನಿಮಗೇ ಗೊತ್ತಾಗುತ್ತೆ, ಅದಕ್ಕೇ ಊರಿನ ಲೆಕ್ಕ ಒಳ್ಳೇದು.

ಕನ್ನಡ ಟೈಪ್ ಮಾಡೋಕೆ ನುಡಿ ಬಳಸುವವರು ಯೂನಿಕೋಡ್‌ನಲ್ಲಿ ಇಟ್ಟುಕೊಳ್ಳಿ. ಹಳೇ ಫಾಂಟ್ ಕ್ರಮದಲ್ಲಿ ಬರೆದರೆ ಅದು ಮೆಷಿನ್‌ಗೆ ಕನ್ನಡವೇ ಅಲ್ಲ.

ಹೆಜ್ಜೆ 5: ಈಗ ಒಂದೊಂದಾಗಿ ನೋಡೋಣ

ಪೈಥಾನ್ ಕಲಿಯೋರಿಗೆ ನನ್ನ ಮೊದಲ ಆಯ್ಕೆ ಥಾನಿ (Thonny). ಎಸ್ಟೋನಿಯಾ ದೇಶದ ಟಾರ್ಟು ವಿಶ್ವವಿದ್ಯಾಲಯದಲ್ಲಿ ಕಲಿಯೋರಿಗೆ ಅಂತಲೇ ಹುಟ್ಟಿದ್ದು, ಪೂರ್ತಿ ಉಚಿತ. ಪೈಥಾನ್ ಇದರ ಜೊತೆಗೇ ಬರುತ್ತೆ, ಬೇರೆ ಏನೂ ಹಾಕಬೇಕಿಲ್ಲ. ತೆರೆದರೆ ಮೇಲೆ ಕೋಡ್ ಬರೆಯೋ ಜಾಗ, ಕೆಳಗೆ ಶೆಲ್, ಇಷ್ಟೇ. ಮೇಲಿನ ಮೂರು ಸಾಲನ್ನು ಕೆಳಗಿನ ಶೆಲ್‌ನಲ್ಲಿ ಒಂದೊಂದಾಗಿ ಬರೆದು ಎಂಟರ್ ಒತ್ತಿ, ಉತ್ತರ ಅಲ್ಲೇ ಬರುತ್ತೆ. ವ್ಯೂ ಮೆನುವಿನಲ್ಲಿ ವೇರಿಯಬಲ್ಸ್ ಅಂತ ಇದೆ, ಅದನ್ನು ಆನ್ ಮಾಡಿದರೆ ಪಕ್ಕದಲ್ಲಿ ಒಳಹರಿವು 40000, ಟಿಎಂಸಿ 3.456 ಅಂತ ಪಟ್ಟಿ ಕಾಣುತ್ತೆ.

ಅಸಲಿ ಮಜಾ ಡಿಬಗ್ಗರ್‌ನಲ್ಲಿದೆ. ಮೊದಲ ಎರಡು ಸಾಲನ್ನು ಮೇಲಿನ ಜಾಗದಲ್ಲಿ ಬರೆದು ಸೇವ್ ಮಾಡಿ, ಕಂಟ್ರೋಲ್ ಹಿಡಿದು ಎಫ್5 ಒತ್ತಿ, ಆಮೇಲೆ ಎಫ್7 ಒತ್ತುತ್ತಾ ಹೋಗಿ. ಎರಡನೇ ಸಾಲಿಗೆ ಬಂದಾಗ ಒಳಹರಿವು ಅನ್ನೋ ಪದದ ಜಾಗದಲ್ಲಿ 40000 ಬಂದು ಕೂರುತ್ತೆ. ಮತ್ತೆ ಒತ್ತಿದರೆ 40000 * 86400 ಇದ್ದ ಜಾಗದಲ್ಲಿ 3456000000. ಮತ್ತೊಮ್ಮೆ ಒತ್ತಿದರೆ 3.456. ಸ್ಲೇಟಿನ ಮೇಲೆ ಮೇಷ್ಟ್ರು ಲೆಕ್ಕ ಬಿಡಿಸಿ ತೋರಿಸಿದ ಹಾಗೆ. ಇದನ್ನು ನೋಡಿದ ಮೇಲೆ ಅಕ್ಕನ ಮಗಳು "ಓ, ಬಲಗಡೆಯದು ಮೊದಲು ಮುಗಿದು ಆಮೇಲೆ ಎಡಗಡೆಗೆ ಹೋಗುತ್ತಾ ಮಾವ?" ಅಂದಳು. ಅಷ್ಟು ದಿನ ನೋಡಿದ ವಿಡಿಯೋಗಳಲ್ಲಿ ಅದು ಅವಳಿಗೆ ಹೊಳೆದಿರಲಿಲ್ಲ.

ಐಡಲ್ ಇನ್ನೂ ಸರಳ. ಪೈಥಾನ್‌ನ ಸ್ವಂತ ಜಾಲತಾಣದಿಂದ ವಿಂಡೋಸ್‌ಗೆ ಪೈಥಾನ್ ಇಳಿಸಿದರೆ ಜೊತೆಗೇ ಬಂದಿರುತ್ತೆ. ಲೆಕ್ಕ ಓಡುತ್ತೆ, ಆದರೆ ಒಳಗಿನದ್ದು ಅಷ್ಟು ಚೆಂದ ಕಾಣಲ್ಲ. ಥಾನಿ ಹಾಕೋಕೆ ಆಗದ ಲ್ಯಾಬ್ ಮೆಷಿನ್‌ನಲ್ಲಿ ಧಾರಾಳವಾಗಿ ಬಳಸಿ.

ವಿಎಸ್ ಕೋಡ್ 2015ರಲ್ಲಿ ಬಂದದ್ದು, ಈಗ ಎಲ್ಲ ಕಡೆ ಅದೇ. ನಾನೂ ಕೆಲಸಕ್ಕೆ ಅದನ್ನೇ ಬಳಸ್ತೀನಿ. ಮೊದಲ ದಿನಕ್ಕೆ ಬೇಡ ಅನ್ನೋಕೆ ಕಾರಣ ಇದೆ: ಎಐ ಸಲಹೆಗಳು ಆನ್ ಆಗಿದ್ದರೆ ನೀವು ಎರಡು ಅಕ್ಷರ ಬರೆಯೋಷ್ಟರಲ್ಲಿ ಉಳಿದದ್ದನ್ನು ಅದೇ ಬೂದು ಬಣ್ಣದಲ್ಲಿ ಬರೆದು ತೋರಿಸುತ್ತೆ, ಟ್ಯಾಬ್ ಒತ್ತಿದರೆ ಮುಗೀತು. ಕೆಲಸ ಮಾಡೋರಿಗೆ ಅದು ವರ. ಕಲಿಯೋರಿಗೆ ಪಕ್ಕದವನ ಪೇಪರ್ ನೋಡಿ ಬರೆದ ಹಾಗೆ, ಪಾಸಾಗ್ತೀರಿ, ಬರಲ್ಲ. ವಿಎಸ್ ಕೋಡೇ ಬೇಕು ಅನ್ನೋರು ಸೆಟ್ಟಿಂಗ್ಸ್‌ಗೆ ಹೋಗಿ ಎಐ ಸಲಹೆಗಳನ್ನು ಆಫ್ ಮಾಡಿ, ಪೈಥಾನ್ ಎಕ್ಸ್‌ಟೆನ್ಶನ್ ಒಂದನ್ನೇ ಹಾಕಿ. ಬಣ್ಣಬಣ್ಣದ ಥೀಮ್ ಹುಡುಕುತ್ತಾ ಒಂದು ಶನಿವಾರ ಪೂರ್ತಿ ಕಳೆದವನು ನಾನೇ, ಹಾಗಾಗಿ ಹೇಳ್ತಿದ್ದೀನಿ. ಫೈಲ್ ಮೆನುವಿನಲ್ಲಿ ಆಟೋ ಸೇವ್ ಆನ್ ಮಾಡೋದು ಮರೀಬೇಡಿ. ಬ್ಯಾಟರಿ ಇಲ್ಲದ ಲ್ಯಾಪ್‌ಟಾಪ್‌ಗೆ ಇದು ಪ್ರಾಣ.

ಇನ್ನು ಸಿ. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ಎಷ್ಟೋ ಕಾಲೇಜು ಲ್ಯಾಬ್‌ಗಳಲ್ಲಿ ನೀಲಿ ಪರದೆಯ ಟರ್ಬೊ ಸಿ++ ಬಿಟ್ಟು ಬೇರೆ ತೋರಿಸಿರಲ್ಲ. ನಾನು ಓದಿದ ಲ್ಯಾಬೂ ಅದೇ. ಬೋರ್ಲ್ಯಾಂಡ್ ಕಂಪನಿ ಡಾಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್ ಕಾಲದಲ್ಲಿ, 1990ರಲ್ಲಿ ಬಿಟ್ಟದ್ದು. ಇವತ್ತಿನ 64 ಬಿಟ್ ವಿಂಡೋಸ್ ಮೇಲೆ ಅದು ನೇರವಾಗಿ ಓಡೋದೂ ಇಲ್ಲ, ಡಾಸ್‌ಬಾಕ್ಸ್ ಅನ್ನೋದರೊಳಗೆ ಕೂರಿಸಿ ಓಡಿಸಬೇಕು.

ಅದರಲ್ಲಿ ನಮ್ಮ ಲೆಕ್ಕ ಹಾಕಿ ನೋಡಿ. ಇಂಟ್ (ಪೂರ್ಣಾಂಕ) ಬಗೆಯ ವೇರಿಯಬಲ್‌ಗೆ 40000 ಕೊಟ್ಟು ಪ್ರಿಂಟ್ ಮಾಡಿ. ಪರದೆ ಮೇಲೆ ಬರೋದು ಮೈನಸ್ 25536! ಕಟ್ಟೆಯ ನೀರು ತಿರುಗಿ ಕೊಡಗಿಗೆ ಹೊರಟಿತು ಅಂತ ಅರ್ಥ. ಟರ್ಬೊದಲ್ಲಿ ಇಂಟ್ ಅಂದ್ರೆ 16 ಬಿಟ್, 32767ರವರೆಗೆ ಮಾತ್ರ ಹಿಡಿಯುತ್ತೆ. ಅದನ್ನು ದಾಟಿದರೆ ಮೀಟರ್ ಸುತ್ತು ಹೊಡೆದು ಆ ಕಡೆಯಿಂದ ಶುರುವಾಗುತ್ತೆ. 40000ದಲ್ಲಿ 65536 ಕಳೆದು ನೋಡಿ, ಅದೇ ಉತ್ತರ.

ಮನೆಯಲ್ಲಿ ಸಿ ಕಲಿಯೋಕೆ ಕೋಡ್ ಬ್ಲಾಕ್ಸ್ ಹಾಕಿ. ಡೌನ್‌ಲೋಡ್ ಪುಟದಲ್ಲಿ ಹಲವು ಫೈಲ್ ಇರುತ್ತೆ, ಹೆಸರಲ್ಲಿ ಮಿನ್‌ಜಿಡಬ್ಲ್ಯೂ (mingw) ಅಂತ ಇರೋದನ್ನೇ ಇಳಿಸಿ, ಕಂಪೈಲರ್ ಅದರೊಳಗೇ ಇದೆ. ಬೇರೆ ಇಳಿಸಿದರೆ ಮತ್ತೆ ಒಲೆ ಇದೆ, ಸಿಲಿಂಡರ್ ಇಲ್ಲ. ಇದರಲ್ಲಿ ಇಂಟ್ 32 ಬಿಟ್, 40000 ಸರಿಯಾಗಿ ಕೂರುತ್ತೆ. ಆದರೆ 86400ರಿಂದ ಗುಣಿಸಿದಾಗ ಬರೋ 3456000000 ಇದಕ್ಕೂ ಜಾಸ್ತಿ, ಮಿತಿ ಇರೋದು 2147483647. ಹಾಗಾಗಿ ಇಲ್ಲೂ ತಪ್ಪು ಉತ್ತರವೇ ಬರುತ್ತೆ. ಒಳಹರಿವನ್ನು ಡಬಲ್ (ದಶಮಾಂಶ ಸಂಖ್ಯೆ ಹಿಡಿಯೋ ಬಗೆ) ಅಂತ ಇಟ್ಟುಕೊಂಡರೆ 3.456 ಸಿಗುತ್ತೆ. ಇದು ಕೋಡ್ ಬ್ಲಾಕ್ಸ್ ತಪ್ಪಲ್ಲ, ಸಿ ಭಾಷೆಯ ಜಾಯಮಾನ. ಸಾಧನ ಬದಲಿಸಿದರೆ ಹೋಗೋ ತೊಂದರೆ ಯಾವುದು, ನಾವೇ ಕಲಿತು ದಾಟಬೇಕಾದ್ದು ಯಾವುದು ಅಂತ ಈ ಒಂದು ಲೆಕ್ಕದಲ್ಲೇ ಬೇರೆ ಮಾಡಬಹುದು.

ಲ್ಯಾಬ್ ಪರೀಕ್ಷೆ ಟರ್ಬೊದಲ್ಲೇ ಇದ್ದರೆ ಜಗಳ ಆಡಬೇಡಿ. ಮನೆಯಲ್ಲಿ ಕೋಡ್ ಬ್ಲಾಕ್ಸ್‌ನಲ್ಲಿ ಕಲಿತು, ಪರೀಕ್ಷೆಗೆ ಒಂದು ವಾರ ಮುಂಚೆ ಪರದೆ ಒರೆಸೋ ಕ್ಲಿಯರ್‌ಸ್ಕ್ರೀನ್ ಸಾಲು, ಹಳೇ ಹೆಡರ್ ಹೆಸರುಗಳನ್ನು ಅಭ್ಯಾಸ ಮಾಡಿಕೊಳ್ಳಿ. ಅಷ್ಟೇ ವ್ಯತ್ಯಾಸ.

ಜಾವಾ ಕಲಿಯೋರಿಗೆ ಬ್ಲೂಜೆ ಇದೆ, ಶುರುವಿಗೆ ಎಕ್ಲಿಪ್ಸ್‌ಗಿಂತ ಎಷ್ಟೋ ವಾಸಿ.

ಬ್ರೌಸರ್‌ನಲ್ಲಿ ಓಡೋದು ಅಂದ್ರೆ ಗೂಗಲ್ ಕೊಲ್ಯಾಬ್. ಏನೂ ಇಳಿಸಬೇಕಿಲ್ಲ, ಜಿಮೇಲ್ ಇದ್ದರೆ ಸಾಕು, ಬರೆದದ್ದು ಡ್ರೈವ್‌ನಲ್ಲಿ ಉಳಿಯುತ್ತೆ. ಕರೆಂಟ್ ಹೋದರೂ ಕೋಡ್ ಹೋಗಲ್ಲ. ಹೊಸಬರು ಎಡವೋ ಜಾಗ ಒಂದಿದೆ. ಕೊಲ್ಯಾಬ್‌ನಲ್ಲಿ ಕೋಡನ್ನು ಸೆಲ್ ಅನ್ನೋ ತುಂಡುಗಳಲ್ಲಿ ಬರೀತೀವಿ. ಮೊದಲ ಸೆಲ್‌ನಲ್ಲಿ ಒಳಹರಿವು 40000 ಇದ್ದದ್ದನ್ನು 20000 ಅಂತ ತಿದ್ದಿ, ಅದನ್ನು ಓಡಿಸದೇ ಎರಡನೆಯದನ್ನು ಮಾತ್ರ ಓಡಿಸಿದರೆ ಹಳೇ 3.456 ತಾನೇ ಬರುತ್ತೆ. ಕಣ್ಣಿಗೆ ಕಾಣೋದು 20000, ಒಳಗೆ ಇರೋದು 40000. ಅನುಮಾನ ಬಂದಾಗ ರನ್‌ಟೈಮ್ ಮೆನುವಿನಿಂದ ಎಲ್ಲವನ್ನೂ ಮೊದಲಿಂದ ಓಡಿಸಿ. ಅಲ್ಲಿ ಅಪ್‌ಲೋಡ್ ಮಾಡಿದ ಬೇರೆ ಫೈಲ್‌ಗಳು ಸಂಪರ್ಕ ಮುಗಿದ ಮೇಲೆ ಅಳಿಸಿ ಹೋಗ್ತವೆ, ಅವನ್ನು ಡ್ರೈವ್‌ನಲ್ಲಿ ಇಟ್ಟುಕೊಳ್ಳಿ.

ಲ್ಯಾಪ್‌ಟಾಪೇ ಇಲ್ಲದಿದ್ದರೆ? ಆಂಡ್ರಾಯ್ಡ್ ಫೋನಿಗೆ ಪೈಡ್ರಾಯ್ಡ್ 3 ಹಾಕಿ. ನೆಟ್ ಇಲ್ಲದೆಯೂ ಓಡುತ್ತೆ, ಮಂಡ್ಯದಿಂದ ಮೈಸೂರಿಗೆ ದಿನಾ ರೈಲಲ್ಲಿ ಓಡಾಡೋರಿಗೆ ಇದು ಚೆನ್ನಾಗಿ ಒಗ್ಗುತ್ತೆ. ಬೆರಳಲ್ಲಿ ಟೈಪ್ ಮಾಡೋದು ಹಿಂಸೆ ಅನ್ನೋದು ನಿಜ. ಮನೆಯಲ್ಲಿ ಹಳೇ ಕೀಬೋರ್ಡ್ ಇದ್ದರೆ ಒಂದು ಓಟಿಜಿ ಕೇಬಲ್ ತಂದು ಫೋನಿಗೆ ಸಿಕ್ಕಿಸಿ, ಅರ್ಧ ಕಷ್ಟ ಹೋಯ್ತು.

ಹೆಜ್ಜೆ 6: ಹಾಕುವಾಗ ಎಡವೋ ಜಾಗಗಳು

ಪೈಥಾನನ್ನು ಬೇರೆಯಾಗಿ ಹಾಕೋದಾದರೆ ಇನ್‌ಸ್ಟಾಲರ್‌ನ ಮೊದಲ ಪರದೆಯ ಕೆಳಗೆ, ಪಾತ್‌ಗೆ (ವಿಂಡೋಸ್ ಪ್ರೋಗ್ರಾಮ್ ಹುಡುಕೋ ಜಾಗಗಳ ಪಟ್ಟಿಗೆ) ಸೇರಿಸಲಾ ಅಂತ ಕೇಳೋ ಒಂದು ಚಿಕ್ಕ ಚೌಕ ಇದೆ. ಅದು ತಾನಾಗಿ ಟಿಕ್ ಆಗಿರಲ್ಲ. ಟಿಕ್ ಮಾಡಿ ಆಮೇಲೆ ಮುಂದೆ ಹೋಗಿ. ಮರೆತರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಪೈಥಾನ್ ಅಂತ ಬರೆದಾಗ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡು ಗೊಂದಲ ಮಾಡುತ್ತೆ. ಹೆದರಬೇಡಿ, ಇನ್‌ಸ್ಟಾಲರ್ ಮತ್ತೆ ಓಡಿಸಿ ಸರಿ ಮಾಡಬಹುದು.

ಎಲ್ಲಾ ಫೈಲ್ ಒಂದೇ ಫೋಲ್ಡರ್‌ನಲ್ಲಿ ಇಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಅಂತ ಹರಡಬೇಡಿ.

ಫೈಲ್‌ಗೆ ಹೆಸರಿಡುವಾಗ ಹುಷಾರು. ರ‍್ಯಾಂಡಮ್ ಸಂಖ್ಯೆ ಕಲಿಯೋ ದಿನ ಫೈಲ್‌ಗೂ ರ‍್ಯಾಂಡಮ್ ಅಂತಲೇ ಹೆಸರಿಟ್ಟರೆ, ಪೈಥಾನ್ ತನ್ನ ಒಳಗಿನ ರ‍್ಯಾಂಡಮ್ ಬಿಟ್ಟು ನಿಮ್ಮ ಫೈಲನ್ನೇ ಎಳೆದುಕೊಳ್ಳುತ್ತೆ, ಆಮೇಲೆ ಬರೋ ಎರರ್‌ಗೆ ತಲೆಬುಡ ಇರಲ್ಲ. ಚಿತ್ರ ಬಿಡಿಸೋ ಟರ್ಟಲ್‌ಗೂ ಇದೇ ಕಥೆ. ಮತ್ತೆ ನೋಟ್‌ಪ್ಯಾಡ್‌ನಲ್ಲಿ ಬರೆದು ಸೇವ್ ಮಾಡೋರು, ವಿಂಡೋಸ್ ಹೆಸರಿನ ಬಾಲವನ್ನು ಬಚ್ಚಿಡುತ್ತೆ ಅಂತ ನೆನಪಿಡಿ. ಪೈಥಾನ್ ಫೈಲ್ ಅಂದುಕೊಂಡದ್ದು ನಿಜವಾಗಿ ಟೆಕ್ಸ್ಟ್ ಫೈಲ್ ಆಗಿರುತ್ತೆ. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿ.

ಹೆಜ್ಜೆ 7: ಬೇಕಂತಲೇ ಕೆಡಿಸಿ ನೋಡಿ

ಆರಿಸಿದ ಸಾಧನ ಒಳ್ಳೇದಾ ಅಂತ ಗೊತ್ತಾಗೋದು ತಪ್ಪು ಮಾಡಿದಾಗ. ಎರಡನೇ ಸಾಲಿನಲ್ಲಿ ಒಳಹರಿವು ಅನ್ನೋದನ್ನು ಒಳಹರವು ಅಂತ ಬರೀರಿ. ನೇಮ್ ಎರರ್ ಬರುತ್ತೆ, ಯಾವ ಸಾಲು ಅಂತಲೂ ಹೇಳುತ್ತೆ. ಒಂದು ಬ್ರಾಕೆಟ್ ತೆರೆದು ಮುಚ್ಚದೇ ಬಿಡಿ. ಪೈಥಾನ್ 3.10ರಿಂದ ಈಚೆಗೆ ಬ್ರಾಕೆಟ್ ಮುಚ್ಚಿಲ್ಲ ಅಂತ ನೇರವಾಗಿ ಹೇಳುತ್ತೆ, ಅದಕ್ಕೂ ಹಳೇದರಲ್ಲಿ ಮುಂದಿನ ಸಾಲಿನ ಮೇಲೆ ಗೂಬೆ ಕೂರಿಸ್ತಿತ್ತು. ಹೊಸ ವರ್ಷನ್ ಹಾಕಿ ಅನ್ನೋಕೆ ಇದೊಂದೇ ಕಾರಣ ಸಾಕು.

ಕನ್ನಡ ಹೇಗೆ ಕಾಣುತ್ತೆ ಅಂತಲೂ ನೋಡಿ. ವಿಂಡೋಸ್‌ನ ಹಳೇ ಕಪ್ಪು ಕಿಟಕಿಯಲ್ಲಿ ಕನ್ನಡ ಬದಲು ಚೌಕಗಳು ಬರಬಹುದು, ನಿಮ್ಮ ಕೋಡ್ ಕೆಟ್ಟಿರಲ್ಲ, ತೋರಿಸೋ ಕಿಟಕಿಗೆ ಬರಲ್ಲ ಅಷ್ಟೇ. ಒಂದು ಮೋಜಿನ ಪರೀಕ್ಷೆ: ಉದ್ದ ಅಳೆಯೋ ಲೆನ್ ಫಂಕ್ಷನ್‌ಗೆ ಮೈಸೂರು ಅಂತ ಕೊಡಿ. ನಮ್ಮ ಲೆಕ್ಕಕ್ಕೆ ಮೂರು ಅಕ್ಷರ, ಅದು 6 ಅನ್ನುತ್ತೆ. ಮಂಡ್ಯ ಕೊಟ್ಟರೆ 5. ಗುಣಿತದ ಗುರುತು, ಸೊನ್ನೆ, ಒತ್ತಕ್ಷರ ಕೂಡಿಸೋ ಗುರುತು ಎಲ್ಲವನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತೆ.

ಹೆಜ್ಜೆ 8: ಯಾವಾಗ ಬದಲಿಸೋದು?

ಮೂರು ತಿಂಗಳು ಅದರಲ್ಲೇ ಇರಿ. ಯಾರು ಏನೇ ಹೇಳಲಿ. ಒಂದು ಪ್ರೋಗ್ರಾಮ್ ಮೂರ್ನಾಲ್ಕು ಫೈಲ್‌ಗಳಿಗೆ ಹರಡಿದಾಗ, ಯಾವ ಫಂಕ್ಷನ್ ಎಲ್ಲಿ ಬರೆದೆ ಅಂತ ಹುಡುಕೋದೇ ಕೆಲಸ ಆದಾಗ, ಹಳೇ ವರ್ಷನ್ ಇಟ್ಟುಕೊಳ್ಳೋಕೆ ಗಿಟ್ ಬೇಕು ಅನ್ನಿಸಿದಾಗ ವಿಎಸ್ ಕೋಡ್‌ಗೆ ಬನ್ನಿ. ಬರೋದು ಸುಲಭ: ಓಪನ್ ಫೋಲ್ಡರ್ ಒತ್ತಿ ನಿಮ್ಮ ಅದೇ ಫೋಲ್ಡರ್ ತೆರೆಯಿರಿ. ಒಂದೊಂದು ಫೈಲ್ ಬೇರೆಯಾಗಿ ತೆರೆಯಬೇಡಿ. ಕೆಳಗಿನ ಪಟ್ಟಿಯಲ್ಲಿ ಯಾವ ಪೈಥಾನ್ ಅಂತ ತೋರಿಸ್ತಿರುತ್ತೆ, ಎರಡು ಇದ್ದರೆ ಅಲ್ಲಿ ಒತ್ತಿ ಸರಿಯಾದದ್ದನ್ನು ಆರಿಸಿ.

ಅವತ್ತು ಅಕ್ಕನ ಮಗಳ ಮೆಷಿನ್‌ನಿಂದ ನಾಲ್ಕು ಐಡಿಇ ತೆಗೆದುಹಾಕಿದೆವು, ಅದಕ್ಕೇ ಒಂದು ಗಂಟೆ ಹಿಡೀತು. ಥಾನಿ ಹಾಕೋಕೆ ಹತ್ತು ನಿಮಿಷ. ಈಗ ದಿನಾ ಪೇಪರ್‌ನಲ್ಲಿ ಬರೋ ಒಳಹರಿವು, ಹೊರಹರಿವು ಎರಡನ್ನೂ ಒಂದು ಟೆಕ್ಸ್ಟ್ ಫೈಲ್‌ಗೆ ತುಂಬಿಸ್ತಿದ್ದಾಳೆ. ಆ ಫೈಲನ್ನು ಪೈಥಾನ್‌ನಿಂದ ಓದೋದು ಹೇಗೆ ಅಂತ ಮೊನ್ನೆ ಫೋನ್ ಮಾಡಿ ಕೇಳಿದಳು.